ಹಿಟ್ಟು ಉಬ್ಬುವ ಹೊತ್ತು

"ಶ್!" ಎಂದು ಬ್ರೆಡ್ಡಿನವನು ತುಟಿಯ ಮೇಲೆ ಬೆರಳಿಟ್ಟ. ಎಳೆಗೂಸುಗಳನ್ನು ನೋಡಲು ಮನೆಮನೆಗೆ ಬರುವ ನರ್ಸಮ್ಮ ತನ್ನ ಚೀಲವನ್ನು ಸದ್ದಾಗದಂತೆ ಕೆಳಗಿಳಿಸಿದಳು.

ಬೇಕರಿಯ ಹಿಂದಿನ ಕೋಣೆ ಬೆಚ್ಚಗಿತ್ತು. ಗೋಡೆಯಾಚೆ ಒಲೆ, ಈಚೆ ಒದ್ದೆ ಬಟ್ಟೆ ಹೊದ್ದ ಹಿಟ್ಟಿನ ಪಾತ್ರೆಗಳು. ಪಕ್ಕದ ಬುಟ್ಟಿಯಲ್ಲಿ ಆರು ದಿನದ ಮಗು. ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾ ಹುಡಿ ಕೆಳಗಿಳಿಯುವ ಅವಸರವೇ ಇಲ್ಲದೆ ತೇಲುತ್ತಿತ್ತು. ಹಿಟ್ಟು ಉಬ್ಬುವಾಗ ಈ ಮನೆಯಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ, ಬಟ್ಟೆ ಎತ್ತಿ ಇಣುಕುವುದಿಲ್ಲ. ಅದುರಿದರೆ ಉಬ್ಬಿದ ಹಿಟ್ಟು ಕುಸಿದೀತೆಂದು ಅಜ್ಜನ ಕಾಲದ ಕಟ್ಟಳೆ. ಮಗುವಿಗೂ ಅದೇ ಮರ್ಯಾದೆ ಸಂದಿತ್ತು.

"ನಾಲ್ಕು ವಾರ ಮೊದಲೇ ಬಂದ್ರೂ ಹೇಗಿದ್ದಾನೆ ನೋಡಿ! ತುಂಬು ತಿಂಗಳ ಮಗುಗಿಂತ ಏನು ಕಮ್ಮಿ?" ಎಂದಳು ಬ್ರೆಡ್ಡಿನವನ ತಾಯಿ. "ನನ್ನ ಮಗಳ ಕೂಸು ದಿನ ತುಂಬಿಯೇ ಹುಟ್ಟಿದ್ದು, ಬೀದಿಯನ್ನೇ ತಲೆ ಮೇಲೆ ಹೊತ್ಕೊಳ್ಳುತ್ತೆ. ನಮ್ಮ ಬನ್ನು ಅಪ್ಪಟ ಸಾಧು."

"ಬೆಳಗ್ಗೆಯಿಂದ ಎಷ್ಟು ಸಲ ಹಾಲು ಕುಡಿದ?" ಎಂದಳು ನರ್ಸಮ್ಮ.

ಅತ್ತೆ, ಬುಟ್ಟಿಯ ಪಕ್ಕದಲ್ಲಿ ಕೂತಿದ್ದ ಸೊಸೆಯ ಮುಖ ನೋಡಿದಳು. ಸೊಸೆ ಗಂಡನ ಮುಖ ನೋಡಿದಳು. "ಒಂದೇ ಸಲ. ನನ್ನ ಎದೆ ಕಲ್ಲಾಗಿದೆ. ಎಬ್ಬಿಸೋಣ ಅಂದೆ, ಇವರೇ ಬೇಡ ಅಂದ್ರು."

"ಹಸಿದ್ರೆ ತಾನೇ ಅಳ್ತಾನೆ ಅಂತ..." ಎಂದ ಬ್ರೆಡ್ಡಿನವನು.

ನರ್ಸಮ್ಮ ಬುಟ್ಟಿಯನ್ನು ಕಿಟಕಿಯ ಬಳಿಗೆ ಎಳೆದು, ಮಗುವಿನ ಹಣೆಯನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಬೆರಳು ತೆಗೆದ ಜಾಗ ಹಳದಿಯಾಗಿ ಕಂಡಿತು.

"ಮೈಕೈ ನೋಡಿ ಎಲ್ಲರೂ ಮೋಸ ಹೋಗ್ತಾರೆ. ದಿನ ತುಂಬದೆ ಹುಟ್ಟಿದ ಇಂಥ ಮಕ್ಕಳಿಗೆ ಹಸಿವಾದ್ರೂ ಅಳೋಕೆ ತ್ರಾಣ ಇರಲ್ಲ, ಮಲಗೇ ಇರ್ತಾರೆ. ಹಾಲು ಹೋಗದಿದ್ರೆ ಕಾಮಾಲೆ ಏರುತ್ತೆ. ಕಾಮಾಲೆ ಏರಿದ್ರೆ ಇನ್ನೂ ನಿದ್ದೆ. ನಡೀರಿ, ಈಗಲೇ ಆಸ್ಪತ್ರೆಗೆ. ಅದಕ್ಕೂ ಮೊದಲು ಎಬ್ಬಿಸಿ ಹಾಲು ಕೊಡಿ. ಅಂಗಾಲಿಗೆ ತಟ್ಟಿ ನೋಡೋಣ."

ಬ್ರೆಡ್ಡನ್ನು ಬೋರಲು ಹಾಕಿ, ತಳ ತಟ್ಟಿ, ಸದ್ದಿನಿಂದಲೇ ಬೆಂದಿದೆಯೋ ಇಲ್ಲವೋ ಹೇಳುವ ಬೆರಳು ಅವನದು. ಆ ಬೆರಳು ಈಗ ಮಗುವಿನ ಅಂಗಾಲಿಗೆ ಬಂತು. ತಟ್ಟಿದ. ಮಗು ಯಾವುದೋ ಕನಸಿನೊಳಗಿಂದ ನಕ್ಕಿತು. ಇಷ್ಟು ದಿನ ಆ ನಗುವನ್ನು ಕರೆದು ಕರೆದು ತೋರಿಸುತ್ತಿದ್ದವನಿಗೆ ಈಗ ಜೀವವೇ ಬಾಯಿಗೆ ಬಂತು.

"ಏಳೋ ಬನ್ನು. ತಪ್ಪಾಯ್ತು ಕಣೋ, ಏಳು."

ಮತ್ತೆ ತಟ್ಟಿದ. ಇನ್ನೂ ಸ್ವಲ್ಪ ಜೋರಾಗಿ ತಟ್ಟಿದ. ಮಗುವಿನ ಕಾಲ್ಬೆರಳುಗಳು ಅಗಲವಾದವು, ತುಟಿ ಸೊಟ್ಟಗಾಯಿತು. ಆಮೇಲೆ ಬಂತು, ತೆಳ್ಳನೆಯ ಮುರುಕಲು ಅಳು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಾಯಿ ಆಗಲೇ ಎರಡೂ ಕೈ ಚಾಚಿದ್ದಳು.

ನಾಲ್ಕು ಗುಟುಕು ಕುಡಿದು ಮತ್ತೆ ಕಣ್ಣು ಮುಚ್ಚಿದ ಮಗುವನ್ನು ಎತ್ತಿಕೊಂಡು ಎಲ್ಲರೂ ಹೊರಟರು. ದಾರಿಯುದ್ದಕ್ಕೂ ತಟ್ಟುತ್ತಿರಬೇಕೆಂದು ನರ್ಸಮ್ಮ ಹೇಳಿದ್ದಳು. ಬ್ರೆಡ್ಡಿನವನು ಒಂದು ಕೈಯಲ್ಲಿ ಮಗುವಿನ ಅಂಗಾಲು ಹಿಡಿದು, ಇನ್ನೊಂದರಿಂದ ಬಾಗಿಲನ್ನು ಧಡಾರನೆ ಎಳೆದುಕೊಂಡ.

ಒಳಗೆ, ಪಾತ್ರೆಯ ಮೇಲೆ ದುಂಡಗೆ ಎದ್ದಿದ್ದ ಒದ್ದೆ ಬಟ್ಟೆ ಮೆಲ್ಲಗೆ ತಗ್ಗಿತು.