ಎರಡು ಟವರಿನ ನಡುವಿನ ಮನೆ

ಸರ್ಕಾರಿ ಗಾಡಿಗಳ ರೇಡಿಯೋ ಮಾತನ್ನು ಮನೆಯಲ್ಲೇ ಕೇಳಿಸುವ ಹೊಸ ಸ್ಕ್ಯಾನರ್ ಬಂದು ಆರು ವಾರವಾಗಿತ್ತು. ಈ ಆರು ವಾರದಲ್ಲಿ ಅದರಿಂದ ವರ್ಲಿನ್ ಸ್ಟಕಿಯ ಕಿವಿಗೆ ಬಿದ್ದದ್ದೆಂದರೆ ಶಾಲಾ ಬಸ್ಸಿನ ಡ್ರೈವರುಗಳ ಜಗಳ, ರಸ್ತೆ ರಿಪೇರಿಯವರ ಊಟದ ಸಮಾಚಾರ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ದನಿ, ಹೆಂಡತಿ ನಡೀನಳದು. ಅದೊಂದನ್ನು ಬಿಟ್ಟು ಟ್ಯಾನರ್ ಕೌಂಟಿಯ ಕಂಡಕಂಡವರ ದನಿಯನ್ನೆಲ್ಲ ಆ ಡಬ್ಬಿ ಹಿಡಿದು ತರುತ್ತಿತ್ತು.

ನಡೀನ್ ಮೂವತ್ತೊಂದು ವರ್ಷದಿಂದ ಕೌಂಟಿಯ ಕಂಟ್ರೋಲ್ ರೂಮಿನಲ್ಲಿದ್ದವಳು. ಯಾರದೋ ಜೋಳದ ಉಗ್ರಾಣಕ್ಕೆ ಬೆಂಕಿ ಬಿದ್ದರೂ, ಯಾರಿಗೋ ಎದೆ ಹಿಡಿದುಕೊಂಡರೂ ಫೋನೆತ್ತುವವಳು ಅವಳು. ರೇಡಿಯೋದಲ್ಲಿ ಕೂಗಿ ಫೈರ್ ಇಂಜಿನನ್ನೋ ಆಂಬುಲೆನ್ಸನ್ನೋ ಕಳಿಸುವವಳೂ ಅವಳೇ. ವರ್ಲಿನ್ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತ ಹಳೆಯ ಸ್ಕ್ಯಾನರಿನಲ್ಲಿ ದಿನವಿಡೀ ಅವಳನ್ನು ಕೇಳುತ್ತಿದ್ದ. ಊಟಕ್ಕೆ ಕೂತಾಗ ಅವಳು ಅರ್ಧ ಹೇಳಿದರೆ ಉಳಿದರ್ಧವನ್ನು ಇವನೇ ಮುಗಿಸುತ್ತಿದ್ದ. ಇಬ್ಬರೇ ಇದ್ದ ಮನೆಯಲ್ಲಿ ಮಾತಿಗೆ ಬರ ಬಂದದ್ದೇ ಇಲ್ಲ.

ಅಷ್ಟರಲ್ಲಿ ಕೌಂಟಿಯವರು ರೇಡಿಯೋ ವ್ಯವಸ್ಥೆಯನ್ನೇ ಬದಲಾಯಿಸಿದರು. ಹಳೆಯ ಸ್ಕ್ಯಾನರ್ ಒಂದು ಸೋಮವಾರ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿತು. ಹೊಸದು ಬಂತು. "ಕೇಳ್ತಿದೆಯಾ?" ಎಂದು ನಡೀನ್ ಮೊದಲ ದಿನವೇ ಕೇಳಿದಳು. "ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ," ಎಂದುಬಿಟ್ಟ. ಎರಡು ದಿನದಲ್ಲಿ ಸರಿ ಮಾಡಿಕೊಂಡರಾಯಿತು ಎಂಬ ಧೈರ್ಯ. ನಲವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನು ಅಂಗೈಯಗಲದ ಡಬ್ಬಿಗೆ ಸೋತೆನೆಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದುಂಟೇ? ಎರಡು ದಿನ ಆರು ವಾರವಾಯಿತು.

ಗುರುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ನಡೀನ್ ಹೇಳಿದಳು. "ನಾಳೆ ನಾನು ರಿಟೈರು. ಮೂರು ಗಂಟೆಗೆ ರೇಡಿಯೋದಲ್ಲಿ ನನ್ನ ಕಡೇ ಕರೆ. ಆಪರೇಷನ್ ಆದ ಹೊಸ ಸೊಂಟ ಇಟ್ಕೊಂಡು ನೀನೇನೂ ಆಫೀಸಿಗೆ ಬರೋದು ಬೇಡ. ಕೇಕ್ ತಿನ್ನೋಕೆ ಬೇಕಾದಷ್ಟು ಜನ ಇದಾರೆ. ಇಷ್ಟು ವರ್ಷ ಇಲ್ಲೇ ಕೂತು ಕೇಳಿದೀಯ, ಇದನ್ನೂ ಇಲ್ಲೇ ಕೇಳು."

"ಕೇಳ್ದೆ ಇರ್ತೀನಾ?" ಎಂದ ವರ್ಲಿನ್.

ಅವಳ ಕಾರು ಗೇಟು ದಾಟುತ್ತಲೇ ಕನ್ನಡಕ ಏರಿಸಿ ಕೈಪಿಡಿ ಹಿಡಿದ. ಅದನ್ನು ಬರೆದವನು ಜನ್ಮದಲ್ಲಿ ಯಾರಿಗೂ ಏನನ್ನೂ ಅರ್ಥವಾಗುವಂತೆ ಹೇಳಿದವನಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಗುಟ್ಟು ಹೊಳೆಯಿತು. ಕೌಂಟಿಯ ರೇಡಿಯೋ ಪಟ್ಟಿಯಲ್ಲಿ ಫೈರ್, ಆಂಬುಲೆನ್ಸ್ ಎಂಬ ಪ್ರತಿ ಗುಂಪಿಗೂ ಎರಡು ಥರದ ನಂಬರಿದ್ದವು. ಇವನು ಇಷ್ಟು ದಿನ ಎಡಗಡೆಯ ಸಾಲನ್ನು ಒತ್ತುತ್ತಿದ್ದ, ಬೇಕಾದದ್ದು ಬಲಗಡೆಯದು. ಹಲ್ಲು ಕಡಿಯುತ್ತ ಎಲ್ಲವನ್ನೂ ಅಳಿಸಿ ಮತ್ತೆ ಒತ್ತಿದ. ಪರದೆಯ ಮೇಲೆ ಕಂಟ್ರೋಲ್ ರೂಮಿನ ಹೆಸರು ಮೂಡಿತು. ಡಬ್ಬಿ ಮಾತಾಡಿತು. ಆದರೆ ಅದು ಯಾರೋ ಬಾಯಲ್ಲಿ ನೀರು ತುಂಬಿಕೊಂಡು ಮುಕ್ಕಳಿಸಿದ ಸದ್ದು. ಅದರೊಳಗೆಲ್ಲೋ ನಡೀನ್ ಇದ್ದಳು.

ಆಂಟೆನಾ ಎತ್ತರ ಸಾಲದೆಂದು ಲೆಕ್ಕ ಹಾಕಿದ. ಸೊಂಟದ ಆಪರೇಷನ್ ಆದವನು ಏಣಿ ಹತ್ತುವಂತಿಲ್ಲ. ಅಂಗಳದ ಕಂಬದಿಂದ ಧ್ವಜ ಇಳಿಸಿ, ಅದೇ ಹಗ್ಗಕ್ಕೆ ಆಂಟೆನಾ ಕಟ್ಟಿ ತುದಿಯವರೆಗೂ ಎಳೆದ. ಮುಕ್ಕಳಿಸುವ ಸದ್ದು ಎರಡರಷ್ಟಾಯಿತು.

ಶುಕ್ರವಾರ ಹನ್ನೆರಡಕ್ಕೆ, ಬೇರೆ ದಾರಿ ಕಾಣದೆ, ಓಪಲ್ ಟ್ರೌಟ್‌ಮನ್‌ಗೆ ಫೋನ್ ಮಾಡಿದ. ಪೋಸ್ಟಾಫೀಸಿನಿಂದ ನಿವೃತ್ತಳಾದ ಓಪಲ್ ಕೌಂಟಿಯ ಹವ್ಯಾಸಿ ರೇಡಿಯೋ ಸಂಘದ ಅಧ್ಯಕ್ಷೆ. ಆ ಸಂಘವನ್ನು ವರ್ಲಿನ್ ಹಿಂದೊಮ್ಮೆ ಊರೆದುರಿಗೆ "ಗಾಳಿ ಜೊತೆ ಹರಟೆ ಹೊಡೆಯೋರ ಕೂಟ" ಎಂದಿದ್ದ. ಅವಳು ಮರೆತಿರಲಿಲ್ಲ.

ಬಂದವಳು ಕಾರಿನಿಂದಿಳಿದು ಕಂಬದ ತುದಿಯನ್ನೇ ನೋಡಿದಳು. "ಇದಕ್ಕೆ ಸೆಲ್ಯೂಟ್ ಹೊಡೀಬೇಕೋ, ಏನು?"

"ಓಪಲ್, ಮೂರು ಗಂಟೆಯೊಳಗೆ ಇದು ಕೇಳಿಸ್ಬೇಕು. ಆಮೇಲೆ ಎಷ್ಟು ಬೇಕಾದ್ರೂ ಆಡ್ಕೋ."

ಓಪಲ್ ಡಬ್ಬಿಯ ಗುಂಡಿಗಳನ್ನು ಒತ್ತಿ ನೋಡಿದಳು. "ಮೊದಲೆಲ್ಲ ಚರ್ಚಿನ ಊಟದಲ್ಲಿ ಅವರವರ ಕುರ್ಚಿ ಅವರವರಿಗೆ ಅನ್ನೋ ಹಾಗಿತ್ತು. ಫೈರ್‌ನವರಿಗೊಂದು ಚಾನೆಲ್ಲು, ಆಂಬುಲೆನ್ಸಿಗೊಂದು. ಈಗ ಯಾವ ಕುರ್ಚಿ ಖಾಲಿಯೋ ಅದರಲ್ಲಿ ಕೂರೋದು. ಬಾಗಿಲಲ್ಲಿ ಒಬ್ಬಳು ನಿಂತು ಯಾರು ಎಲ್ಲಿ ಅಂತ ಹೇಳ್ತಾ ಇರ್ತಾಳೆ, ನಿನ್ನ ಡಬ್ಬಿ ಅವಳ ಮಾತು ಕೇಳ್ಕೊಂಡು ಓಡಾಡ್ಬೇಕು. ಅದನ್ನ ಸರಿಯಾಗೇ ಮಾಡಿದೀಯ."

"ಮತ್ತೆ ಈ ಗೊರಗೊರ?"

"ಕೌಂಟಿಯವರ ಎರಡು ಟವರೂ ಒಂದೇ ಮಾತನ್ನ ಒಟ್ಟಿಗೇ ಆಡ್ತವೆ. ನಿನ್ನ ಮನೆ ನಟ್ಟನಡುವೆ. ಎರಡೂ ಕಡೆಯಿಂದ ಕೂದಲೆಳೆ ಹಿಂದೆಮುಂದೆ ಬಂದು ಡಿಕ್ಕಿ ಹೊಡೀತವೆ. ನೀನು ಕಂಬ ಏರಿಸಿದಷ್ಟೂ ಡಿಕ್ಕಿ ಜೋರು. ನಿಂಗೆ ಬೇಕಾಗಿರೋದು ಕಮ್ಮಿ ಸಿಗ್ನಲ್ಲಿರೋ ಜಾಗ."

"ಚೆನ್ನಾಗಿ ಕೇಳೋಕೆ ಕಮ್ಮಿ ಬೇಕಾ?"

"ಒಂದೇ ಟವರಿನ ಮಾತು ಬೇಕು. ಇನ್ನೊಂದಕ್ಕೆ ಬೆನ್ನು ಹಾಕ್ಬೇಕು."

ವರ್ಲಿನ್‌ಗೆ ಪಿತ್ತ ನೆತ್ತಿಗೇರಿತು. ಇದನ್ನು ಕೈಪಿಡಿಯ ಮೊದಲ ಪುಟದಲ್ಲಿ ಬರೆಯಲು ಅವರಿಗೇನು ಧಾಡಿ? ಆಂಟೆನಾ ಇಳಿಸಿ ಬಿಸಾಡಿ, ಊರುಗೋಲು ಹಿಡಿದು ಓಪಲಳ ಹಿಂದೆ ಹೊರಟ. ಅವಳು ಡಬ್ಬಿಯನ್ನು ಕಿವಿಗಿಟ್ಟುಕೊಂಡು ಶೆಡ್ಡಿನ ಹಿಂದೆ, ನೆಲಮಾಳಿಗೆಯೊಳಗೆ, ಧಾನ್ಯದ ತಗಡಿನ ಕಣಜದ ಮರೆಯಲ್ಲಿ ನಿಂತು ನಿಂತು ನೋಡಿದಳು. ಎಲ್ಲ ಕಡೆಯೂ ಮುಕ್ಕಳಿಸುವುದೇ.

"ಎಷ್ಟೆಲ್ಲ ತಪ್ಪಿಹೋಯ್ತು," ಎಂದು ವರ್ಲಿನ್ ಗೊಣಗಿದ. "ಮೊನ್ನೆ ಲೂಥರನ್ ಚರ್ಚ್ ಮುಂದೆ ಹಂದಿ ಲಾರಿ ಮಗುಚಿತಲ್ಲ, ಅದೂ ಕೇಳಿಸ್ಲಿಲ್ಲ. ನಡೀನ್ ಹೇಳಿದಾಗ ಕೇಳ್ದೆ ಕೇಳ್ದೆ ಅಂತ ನಗಬೇಕಾಯ್ತು."

ಓಪಲ್ ನಿಂತಳು. "ಯಾವ ಹಂದಿ ಲಾರಿ?"

"ಅದೇ, ಪಾದ್ರಿಗಳು ಪೊರಕೆ ಹಿಡ್ಕೊಂಡು ಅಟ್ಟಿಸ್ಕೊಂಡು ಹೋದ್ರಂತಲ್ಲ."

"ವರ್ಲಿನ್, ನಾನು ಬೆಳಗಿಂದ ಸಂಜೆವರೆಗೂ ಕೇಳೋಳು. ಈ ಕೌಂಟೀಲಿ ಯಾವ ಲಾರೀನೂ ಮಗುಚಿಲ್ಲ."

"ಲೈಬ್ರರೀಲಿ ಹಾವು?"

"ಹಾವೂ ಇಲ್ಲ."

ವರ್ಲಿನ್ ಕಣಜಕ್ಕೆ ಒರಗಿ ನಿಂತುಬಿಟ್ಟ. ಆ ಹಾವಿನ ಕಥೆಗೆ ಅವನು ಎಷ್ಟು ನಕ್ಕಿದ್ದ, ಅವಳಿಗಿಂತ ಮೊದಲೇ "ಕೊನೇಲಿ ಹಿಡಿದ್ರಲ್ಲ" ಎಂದು ಸೇರಿಸಿಯೂ ಇದ್ದ. ನಡೀನ್ ತಟ್ಟೆ ನೋಡುತ್ತ ಹೂಂ ಎಂದಿದ್ದಳು. ಇವನ ಸುಳ್ಳು ಅವಳಿಗೆ ಎಂದೋ ಗೊತ್ತಾಗಿದೆ. ಆರು ವಾರ ಪ್ರತಿ ಊಟಕ್ಕೂ ಇಲ್ಲದ ಕಥೆ ಕಟ್ಟಿ, ನಿಜ ಹೇಳಲಿ ಎಂದು ಅವಳು ಬಾಗಿಲು ತೆರೆದು ಕಾದಿದ್ದಾಳೆ, ಇವನು ಪ್ರತಿ ಸಲವೂ ಮುಚ್ಚಿದ್ದಾನೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಓಪಲ್ ಕೋಳಿಗೂಡಿನೊಳಗಿಂದ ಕರೆದಳು. ಗೂಡಿನ ಪಶ್ಚಿಮದ ಗೋಡೆ ಪೂರ್ತಿ ತಗಡು, ಆ ಕಡೆಯ ಟವರಿಗೆ ಅಡ್ಡ. ಅದರ ಬುಡದಲ್ಲಿ ಡಬ್ಬಿ ಇಟ್ಟರೆ ದನಿ ಕೊಳದ ನೀರಿನಷ್ಟು ತಿಳಿಯಾಗಿತ್ತು. "ಇದನ್ನ ಒಂದಿಂಚೂ ಅಲ್ಲಾಡಿಸ್ಬೇಡ. ನಾನು ಕೇಕಿಗೆ ಹೋಗ್ತೀನಿ," ಎಂದು ಅವಳು ಹೊರಟಳು. ಹೋಗುವಾಗ ಮಾತ್ರ ಅಣಕಿಸಲಿಲ್ಲ.

ವರ್ಲಿನ್ ಬಕೆಟ್ ಬೋರಲು ಹಾಕಿ ಕೂತ. ಕೋಳಿಗಳು ಅವನ ಬೂಟಿನ ಲೇಸು ಕುಕ್ಕಿದವು. ಸರಿಯಾಗಿ ಮೂರಕ್ಕೆ ದನಿ ಬಂತು.

"ಟ್ಯಾನರ್ ಕಂಟ್ರೋಲಿಂದ ಎಲ್ಲಾ ಗಾಡಿಗಳಿಗೆ. ಹದಿನಾಲ್ಕನೇ ನಂಬರಿನ ಆಪರೇಟರ್ ಇವತ್ತಿಗೆ ಮುಗಿಸ್ತಾ ಇದೀನಿ. ನಿಮ್ಮನ್ನ ಬೆಂಕಿಗೆ, ಹಿಮಕ್ಕೆ, ಎಲ್ಲೆಲ್ಲಿಗೋ ಕಳಿಸಿದೀನಿ. ವಾಪಸ್ ಬಂದೆ ಅಂತ ನೀವು ಹೇಳೋ ತನಕ ನನ್ನ ಊಟ ಇಳೀತಿರ್ಲಿಲ್ಲ. ಇನ್ಮೇಲೂ ಹೇಳಿ, ಬೇರೆಯವರು ಕೇಳ್ತಾರೆ. ಹದಿನಾಲ್ಕು, ಮುಗೀತು."

ಒಂದೊಂದೇ ಗಾಡಿ ಉತ್ತರಿಸಿತು. ಥ್ಯಾಂಕ್ಸ್ ಅಮ್ಮಾ. ಥ್ಯಾಂಕ್ಸ್ ನಡೀನ್. ಇಡೀ ಕೌಂಟಿ ಅವಳಿಗೆ ಉತ್ತರ ಕೊಡುತ್ತಿತ್ತು, ವರ್ಲಿನ್ ಒಬ್ಬನನ್ನು ಬಿಟ್ಟು. ಸ್ಕ್ಯಾನರಿನಲ್ಲಿ ಕೇಳಬಹುದು, ಮಾತಾಡುವಂತಿಲ್ಲ.

ಸಂಜೆ ಊಟಕ್ಕೆ ಕೂತು ಈ ಮಾತುಗಳನ್ನು ಅಕ್ಷರ ಬಿಡದೆ ಒಪ್ಪಿಸಬಹುದಿತ್ತು. ನೋಡಿದೆಯಾ, ಕೇಳುತ್ತಲೇ ಇದ್ದೆ ಎನ್ನಬಹುದಿತ್ತು. ಆ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಜೇಬಿನಿಂದ ಫೋನ್ ತೆಗೆದು ಕಂಟ್ರೋಲ್ ರೂಮಿನ ತುರ್ತಿನದಲ್ಲದ ಸಾಧಾರಣ ನಂಬರನ್ನು ಒತ್ತಿದ. ಎತ್ತಿದ ದನಿ ನಡೀನಳದೇ.

"ಟ್ಯಾನರ್ ಕೌಂಟಿ ಕಂಟ್ರೋಲ್. ಎಲ್ಲಿಂದ ಮಾತಾಡ್ತಿದೀರಿ?"

"ನಡೀನ್, ನಾನು."

ಆ ಕಡೆ ಜನರ ಗದ್ದಲ. ಅವಳು ಆಪರೇಟರಿನ ದನಿ ಬಿಡಲಿಲ್ಲ. "ಎಲ್ಲಿಂದ ಮಾತಾಡ್ತಿದೀರಿ, ಸರ್?"

"ಕೋಳಿಗೂಡಿಂದ."

"ಏನಾಗಿದೆ ಹೇಳಿ."

"ನೀನು ನಂಗೆ ಕೇಳಿಸ್ತಿರ್ಲಿಲ್ಲ. ಕೇಳಿಸ್ತಿದೆ ಅಂತ ಸುಳ್ಳು ಹೇಳ್ತಿದ್ದೆ."

"ಎಷ್ಟು ದಿನದಿಂದ?"

"ಆರು ವಾರ."

"ಈಗ ಹೇಗಿದೆ?"

"ಈಗ ಕೇಳಿಸ್ತು. ಪೂರ್ತಿ ಕೇಳಿಸ್ತು, ನಡೀನ್."

ಗದ್ದಲದಿಂದ ಅವಳು ದೂರ ಸರಿದಂತಿತ್ತು. ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು. "ಸರಿ ಸರ್. ಇಪ್ಪತ್ತು ನಿಮಿಷದಲ್ಲಿ ಒಬ್ರು ಬರ್ತಾರೆ. ಅಲ್ಲೀವರೆಗೂ ಲೈನಲ್ಲೇ ಇರಿ," ಎಂದಳು. ಆಮೇಲೆ ದನಿ ಒಡೆಯಿತು.

"ಫೋನ್ ಇಡ್ಬೇಡ ಕಣೋ."