ಬೀಬಿಯ ಅಪ್ಪನ ಸಮಾಧಿ

ಚನ್ನಬಸವ್ವ ಅಮೆರಿಕದ ಡ್ಯಾನ್‌ವಿಲ್‌ನ ಮಗನ ಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದಾಗ ನವೀನ ಫೋನು ಹಿಡಿದುಕೊಂಡು ಬಂದ.

"ಅವ್ವ, ಫೇಸ್‌ಬುಕ್ಕಲ್ಲಿ ಯಾರೋ ಟಾಂಜಾನಿಯಾದಿಂದ ಮೆಸೇಜ್ ಮಾಡಿದಾರೆ. ಸೊಂಗೆಯಾದಲ್ಲಿ ಹುಟ್ಟಿದ ನವೀನ ನೀನೇನಾ, ನಿಮ್ಮಮ್ಮ ಇದಾರಾ ಅಂತ ಕೇಳ್ತಿದಾರೆ. ಸ್ಕ್ಯಾಮ್ ಇರಬೇಕು."

"ಹೆಸರೇನಂತ?"

"ಒಡಿಲೊ ನ್ಯೋನಿ."

ಚನ್ನಬಸವ್ವ ಸೊಪ್ಪು ಬದಿಗಿಟ್ಟಳು. "ಅಯ್ಯ ನನ ಮಗನ! ಬೀಬಿ ಮೊಮ್ಮಗ ಅಂವ. ನೀನೂ ಅಂವನೂ ಒಂದs ಮಾವಿನಕಾಯಿ ಕಚ್ಚಿ ತಿಂದು ಬೆಳೆದೀರಿ. ಹಚ್ಚು ಫೋನ."

ನವೀನನಿಗೆ ಅದೇನೂ ನೆನಪಿರಲಿಲ್ಲ. ಸೊಂಗೆಯಾ ಬಿಟ್ಟಾಗ ಅವನಿಗೆ ಐದು ವರ್ಷ. ಚನ್ನಬಸವ್ವನಿಗೆ ಮಾತ್ರ ಆ ಊರು ಗದಗಿಗಿಂತ ಹತ್ತಿರವಾಗಿ ಉಳಿದಿತ್ತು. ಗಂಡ ಗುರುಶಾಂತಪ್ಪ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಒಪ್ಪಂದದ ಮೇಲೆ ಹೋದಾಗ ಆಕೆ ಹೊಸ ಮದುಮಗಳು. ಕೆಂಪು ಮಣ್ಣಿನ ರಸ್ತೆ, ತಗಡಿನ ಮಾಡಿನ ಮನೆ, ಸಂಜೆಯಾದರೆ ನೀಲಿಗಟ್ಟುವ ಮಟೊಗೊರೊ ಗುಡ್ಡ. ಮಾತಾಡಲು ಯಾರೂ ಇಲ್ಲವೆಂದು ಅಳುತ್ತಿದ್ದವಳಿಗೆ ಮಾತು ಕಲಿಸಿದವಳು ಪಕ್ಕದ ಮನೆಯ ಮುದುಕಿ ಸ್ಕೊಲಾಸ್ಟಿಕಾ. ಎಲ್ಲರೂ ಆಕೆಯನ್ನು ಬೀಬಿ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಜ್ಜಿ ಎಂದು ಅರ್ಥ. ಸಂತೆಯಲ್ಲಿ ಜೋಳ ಸಿಗುತ್ತದೆ ಎಂದು ತೋರಿಸಿದ್ದೂ ಬೀಬಿಯೇ. ಚನ್ನಬಸವ್ವ ಬಡಿದ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ತಿಂದು ಬೀಬಿ, "ನಿಮ್ಮ ಊರಿನವರಿಗೂ ಬುದ್ಧಿ ಇದೆ" ಎಂದು ನಕ್ಕಿದ್ದಳು.

ವಿಡಿಯೋ ಕಾಲಿನಲ್ಲಿ ನರೆತ ಗಡ್ಡದ ಗಂಡಸು ಕಾಣಿಸಿಕೊಂಡ. "ಶಿಕಮೂ, ಮಾಮಾ ನವೀನ" ಎಂದ. ಹಿರಿಯರಿಗೆ ಮಾಡುವ ನಮಸ್ಕಾರ ಅದು; ಮಾಮಾ ನವೀನ ಅಂದರೆ ನವೀನನ ತಾಯಿ.

"ಮರಹಬಾ" ಎಂಬ ಉತ್ತರ ಚನ್ನಬಸವ್ವನ ಬಾಯಿಂದ ತಾನಾಗಿ ಹೊರಟಿತು. ನಲವತ್ತು ವರ್ಷ ಆಡದ ಸ್ವಾಹಿಲಿ ಮೊದಲು ತಡವರಿಸಿತು, ಆಮೇಲೆ ನೀರಾಗಿ ಹರಿಯಿತು. ಕಾಲೇಜು ರಜೆಗೆ ಬಂದಿದ್ದ ಮೊಮ್ಮಗಳು ಶಿವಾನಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. "ವೇಟ್, ಅಜ್ಜಿಗೆ ಸ್ವಾಹಿಲಿ ಬರುತ್ತಾ?"

ಒಡಿಲೊ ಈಗ ಸೊಂಗೆಯಾದಲ್ಲೇ ಮೇಷ್ಟ್ರು. ಕುಶಲ ಕೇಳಿದ ಮೇಲೆ ಅವನು ವಿಷಯಕ್ಕೆ ಬಂದ. ಜರ್ಮನಿಯ ಒಂದು ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಆಫ್ರಿಕದಿಂದ ಒಯ್ದ ತಲೆಬುರುಡೆಗಳಿದ್ದವು. ಒಂದರ ಮೇಲೆ ಅವರ ಹಳೆಯ ಊರಿನ ಹೆಸರನ್ನು ಶಾಯಿಯಲ್ಲಿ ಬರೆದಿತ್ತು. ಅವನ ಮತ್ತು ಅವನ ಅಕ್ಕನ ಎಂಜಲು ತೆಗೆದುಕೊಂಡು ಪರೀಕ್ಷೆ ಮಾಡಿದರು. ಅದು ಬೀಬಿಯ ಅಪ್ಪ ಮ್ಪೇಪೊನದೇ. ಮಳೆಗಾಲದ ಮೊದಲು ಕಳಿಸಿಕೊಡುತ್ತಾರಂತೆ.

"ದೇಹ ಎಲ್ಲಿದೆಯೋ ಅಲ್ಲೇ ತಲೆಯನ್ನೂ ಇಡಬೇಕು ಅಂತಾರೆ ಹಿರಿಯರು. ಆದರೆ ಆ ಜಾಗ ನಮಗೆ ಯಾರಿಗೂ ಗೊತ್ತಿಲ್ಲ. ಸಾಯುವ ಮೊದಲು ಬೀಬಿ, ಮಾಮಾ ನವೀನನಿಗೆ ತೋರಿಸಿದ್ದೇನೆ ಅಂದಿದ್ದಳಂತೆ. ಜ್ವರದ ಬಡಬಡಿಕೆ ಅಂದುಕೊಂಡರು ನಮ್ಮಪ್ಪ."

ಚನ್ನಬಸವ್ವ ಫೋನನ್ನು ಮುಖದ ಹತ್ತಿರ ತಂದುಕೊಂಡಳು. "ತೋರಿಸಿದ್ದಳು" ಎಂದಳು.

ಫೋನಿಟ್ಟ ಮೇಲೆ ಮಗ, ಮೊಮ್ಮಗಳು ಇಬ್ಬರೂ ಆಕೆಯ ಎದುರು ಕುಳಿತರು.

"ನಮ್ಮಪ್ಪ ತೀರಿಕೊಂಡಾಗ ನಾ ಅಲ್ಲೇ ಇದ್ದೆ" ಎಂದು ಚನ್ನಬಸವ್ವ ಶುರುಮಾಡಿದಳು. "ಗದಗಿಂದ ತಾರು ಬಂತು. ಮಣ್ಣು ಆಗಿ ಆಗಲೇ ವಾರ ಆಗಿತ್ತು. ಬೀಬಿ ಬಂದು ನನ್ನ ಕೂಡ ನೆಲದ ಮ್ಯಾಲ ಕುಂತ್ಲು. ನಿಮ್ಮಲ್ಲಿ ಸುಡತೀರೋ ಹೂಳತೀರೋ ಅಂತ ಕೇಳಿದ್ಲು. ನಾವು ಲಿಂಗಾಯತರು ಹೂಳತೀವಿ, ಕುಂದರಿಸಿ ಹೂಳತೀವಿ, ಅಂಗೈಯಾಗ ಲಿಂಗ ಇಟ್ಟು, ಹಣಿಗೆ ವಿಭೂತಿ ಹಚ್ಚಿ ಅಂದೆ. 'ತಲೆ ನೆಟ್ಟಗ ಇರತದೇನು?' ಅಂತ ಕೇಳಿದ್ಲು. ಹೌದು ಅಂದೆ. ಆಗ ಆ ಮುದುಕಿ ಅತ್ತದ್ದು ನೋಡಬೇಕಿತ್ತು ನೀವು. ನನ್ನ ಅಪ್ಪಗ ತಲೀನ ಇಲ್ಲ ಅಂದ್ಲು."

ಆಮೇಲೆ ಬೀಬಿ ಹೇಳಿದ್ದನ್ನೆಲ್ಲ ಚನ್ನಬಸವ್ವ ಹೇಳಿದಳು. ಆಗ ಆ ದೇಶ ಆಳುತ್ತಿದ್ದ ಜರ್ಮನರು ತೆರಿಗೆ ಹಾಕಿದ್ದು, ಬಿಟ್ಟಿ ದುಡಿಸಿದ್ದು, ಕಡಲಿನ ಕಡೆಯ ಜನರಿಂದ ಬಲವಂತವಾಗಿ ಹತ್ತಿ ಬೆಳೆಸಿದ್ದು. ಹರಳೆಣ್ಣೆ ಬೆರೆಸಿದ ಮಂತ್ರದ ನೀರು ಮೈಗೆ ಹಚ್ಚಿಕೊಂಡರೆ ಗುಂಡು ನೀರಾಗುತ್ತದೆ ಎಂದು ನಂಬಿ ಜನ ಎದ್ದು ನಿಂತದ್ದು. ಗುಂಡು ನೀರಾಗಲಿಲ್ಲ. ಸೋತ ಮೇಲೆ ಶರಣಾದವರನ್ನೂ ಗಲ್ಲಿಗೇರಿಸಿದರು. ಬೆಳೆಗೆ, ಕಣಜಗಳಿಗೆ ಬೆಂಕಿ ಇಟ್ಟರು. ಗುಂಡಿಗೆ ಸತ್ತವರಿಗಿಂತ ಹಸಿವಿಗೆ ಸತ್ತವರೇ ಹೆಚ್ಚು. ಮ್ಪೇಪೊ ಒಂದು ಸಣ್ಣ ಊರಿನ ಮುಖ್ಯಸ್ಥ. ಅವನನ್ನು ಗಲ್ಲಿಗೆ ಹಾಕಿದ ಮೇಲೆ, ಬುರುಡೆ ಅಳೆದು ಜನಾಂಗಗಳನ್ನು ಹೋಲಿಸಲು ಬೇಕೆಂದು ತಲೆ ಕಡಿಸಿ ಜರ್ಮನಿಗೆ ಕಳಿಸಿದರು. ಹೆಂಡತಿ ಮತ್ತು ಅವನ ತಮ್ಮ ಉಳಿದ ದೇಹವನ್ನು ಹೊತ್ತು ತಂದು ಹಳ್ಳದ ದಂಡೆಯಲ್ಲಿ ಯಾರಿಗೂ ಕಾಣದಂತೆ ಹೂತರು. ಆಗ ಬೀಬಿ ತಾಯಿಯ ಬೆನ್ನಿಗೆ ಕಟ್ಟಿದ್ದ ಕೂಸು.

"ಆಮ್ಯಾಲೆ ಸರಕಾರದವರು ಸಣ್ಣ ಸಣ್ಣ ಊರು ಕೂಡಿಸಿ ಹೊಸಾ ಊರು ಮಾಡಿದ್ರು. ಆ ಹಳೇ ಊರು ಹಾಳುಬಿತ್ತು. ಅಣಬಿ ಆರಿಸೋ ನೆಪಾ ಮಾಡಿ ಬೀಬಿ ನನ್ನ ಕರಕೊಂಡು ಹೋದ್ಲು. ಬಸವಣ್ಣ ಕುಂತಂಗಿದ್ದ ಒಂದು ದೊಡ್ಡ ಬಂಡಿಗಲ್ಲು ಇತ್ತು. ಅದರ ಬಾಜೂಕ ಸಮಾಧಿ. ಸುತ್ತ ಕಳ್ಳಿಬೇಲಿ. ಅವರವ್ವನs ನೆಟ್ಟಿದ್ಲಂತ. ತನ್ನ ಮಗ ಹಳೇ ಮಾತು ಕಿವಿಗೆ ಹಾಕ್ಕೊಳ್ಳಂಗಿಲ್ಲ ಅಂತ ನನಗ ತೋರಿಸಿದ್ಲು."

"ಇದನ್ನ ನಮಗೆ ಯಾಕೆ ಯಾವತ್ತೂ ಹೇಳಲಿಲ್ಲ?" ಎಂದ ನವೀನ.

"ನೀವು ಸೊಂಗೆಯಾದ ಮಾತು ತೆಗದ್ರ ಸಾಕು, ಆಫ್ರಿಕಾ ಪುರಾಣ ಬಂತು ಅಂತಿದ್ರಿ."

ಆ ವಾರದ ಶನಿವಾರ ಬೆಳಿಗ್ಗೆ ಆರಕ್ಕೇ ಮೂವರೂ ಅಡುಗೆಮನೆಯಲ್ಲಿ ಸೇರಿದರು. ಸೊಂಗೆಯಾದಲ್ಲಿ ಆಗ ಇಳಿಹೊತ್ತು. ಒಡಿಲೊ ಮತ್ತು ಅವನ ಅಕ್ಕ ಫೋನು ಹಿಡಿದು ಹಳೆಯ ಊರಿನ ದಾರಿಯಲ್ಲಿ ನಡೆಯುತ್ತಿದ್ದರು. ಚಿತ್ರ ಆಗಾಗ ಕಲ್ಲಿನಂತೆ ನಿಂತುಬಿಡುತ್ತಿತ್ತು. ಶಿವಾನಿ ಅದನ್ನು ದೊಡ್ಡ ಟೀವಿಗೆ ಜೋಡಿಸಿ ಕೊಟ್ಟಳು. ಕೆಂಪು ಮಣ್ಣು ಕಂಡದ್ದೇ ಚನ್ನಬಸವ್ವ ಎದ್ದು ಟೀವಿಯ ಹತ್ತಿರ ಹೋಗಿ ನಿಂತಳು.

ಹಳ್ಳ ಸಿಕ್ಕಿತು. ಆದರೆ ದಂಡೆಯ ಕಾಡೆಲ್ಲ ಈಗ ತಂಬಾಕಿನ ಹೊಲ. ಒಡಿಲೊ ಹೊಲದವನನ್ನು ವಿಚಾರಿಸಿದ. ದೊಡ್ಡ ಬಂಡೆಯೇ? ಹತ್ತು ವರ್ಷದ ಹಿಂದೆ ರಸ್ತೆ ಮಾಡುವಾಗ ಒಡೆದು ಜಲ್ಲಿ ಮಾಡಿದರಲ್ಲ!

"ಹೋತು" ಎಂದು ಚನ್ನಬಸವ್ವ ಕುರ್ಚಿಗೆ ಬಂದು ಕುಳಿತಳು. "ಬಸವಣ್ಣನ್ನ ಒಡದಾರ. ಇನ್ನ ಹೆಂಗ ಹೇಳ್ಲಿ?"

"ಇಟ್ಸ್ ಓಕೆ ಅವ್ವ, ಯು ಟ್ರೈಡ್" ಎಂದು ನವೀನ ಭುಜದ ಮೇಲೆ ಕೈಯಿಟ್ಟ.

ಶಿವಾನಿ ಅಜ್ಜಿಯ ಮುಂದೆ ಮಂಡಿಯೂರಿ ಕುಳಿತಳು. "ಅಜ್ಜಿ, ಕಲ್ಲು ಬಿಡು. ಬೀಬಿ ಅಲ್ಲಿ ಏನ್ ಮಾಡಿದ್ರು? ಎಲ್ಲಿ ಕೂತ್ರು? ವಾಟ್ ಡಿಡ್ ಯು ಸೀ?"

ಚನ್ನಬಸವ್ವ ಕಣ್ಣು ಮುಚ್ಚಿದಳು. ಬೀಬಿ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಅಣಬೆಯ ಬುಟ್ಟಿ. ಚನ್ನಬಸವ್ವನ ಗಲ್ಲ ಹಿಡಿದು ಗುಡ್ಡದ ಕಡೆ ತಿರುಗಿಸಿ, ನೋಡು ಎಂದಿದ್ದಳು. ಊರಲ್ಲಿ ಎಲ್ಲಿ ನಿಂತರೂ ಮಟೊಗೊರೊದ ಎರಡು ಶಿಖರ ಕಾಣುತ್ತವೆ. ಇಲ್ಲಿ ಮಾತ್ರ ಸಣ್ಣದು ದೊಡ್ಡದರ ಬೆನ್ನಿನ ಹಿಂದೆ ಅಡಗುತ್ತದೆ, ತಾಯಿಯ ಬೆನ್ನಿಗೆ ಕಟ್ಟಿದ ಕೂಸಿನ ಹಾಗೆ. ನಮ್ಮವ್ವ ನನಗೆ ಹೇಳಿಕೊಟ್ಟ ಗುರುತು ಇದು, ಎಂದಿದ್ದಳು.

ಚನ್ನಬಸವ್ವ ಕಣ್ಣು ಬಿಟ್ಟು ಸ್ವಾಹಿಲಿಯಲ್ಲಿ ಕೂಗಿದಳು, "ಒಡಿಲೊ! ಫೋನು ಗುಡ್ಡಕ್ಕೆ ತಿರುಗಿಸು. ಹಳ್ಳದ ಗುಂಟ ನಡಿ. ಎರಡು ಶಿಖರ ಒಂದಾಗುವ ತನಕ ನಡಿ."

ಟೀವಿಯಲ್ಲಿ ಗುಡ್ಡ ಅಲುಗುತ್ತ ಸಾಗಿತು. ಸಣ್ಣ ಶಿಖರ ನಿಧಾನವಾಗಿ ದೊಡ್ಡದರ ಕಡೆ ಸರಿಯಿತು, ಅರ್ಧವಾಯಿತು, ತುದಿಯಷ್ಟೇ ಉಳಿಯಿತು. ಮಾಯವಾಯಿತು.

"ನಿಂದ್ರು!" ಈ ಸಲ ಕನ್ನಡವೇ ಬಂತು. ಒಡಿಲೊ ನಿಂತ.

ಅವನ ಅಕ್ಕ ಪೊದೆಯೊಳಗೆ ನುಗ್ಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಕೇಳಿತು. ನೇಗಿಲು ಹೋಗದ ಒಂದು ಮೂಲೆ, ಮುಳ್ಳು ಬೆಳೆದ ದಿಬ್ಬ, ಅದರೊಳಗೆ ಹಸಿರು ಬೆರಳುಗಳಂಥ ಕಳ್ಳಿ. ಕಡಿದಲ್ಲಿ ಮತ್ತೆ ಚಿಗುರಿ ಓರೆಕೋರೆಯಾಗಿ ಸುತ್ತಲೂ ನಿಂತಿತ್ತು. ಅಕ್ಕ ಒಂದು ಕಡ್ಡಿ ಮುರಿದಳು. ಬಿಳಿ ಹಾಲು ಇಳಿಯಿತು.

"ಹೊಲದವರು ಯಾರಾದ್ರೂ ನೆಟ್ಟಿರಬಹುದಲ್ವಾ? ಇದೇ ಅಂತ ಹೇಗೆ ಹೇಳೋದು?" ಎಂದ ನವೀನ ಮೆಲ್ಲಗೆ.

"ನಾ ಕುಂತ ಜಾಗಾ ಐತಿ ಅದು, ನವೀನ."

ಹಿರಿಯರು ಬಂದು ನೋಡಿದರು. ಮಣ್ಣು ಕೆದಕಿ ಪರೀಕ್ಷಿಸುವುದು ಬೇಡ, ಇದೇ ಎಂದು ತೀರ್ಮಾನಿಸಿದರು. ಹೊಲದವನು ಆ ಮೂಲೆಯನ್ನು ಬಿಟ್ಟುಕೊಟ್ಟ.

ಮಣ್ಣಿನ ದಿನಕ್ಕೆ ಬರಬೇಕೆಂದು ಒಡಿಲೊ ಬಹಳ ಕರೆದ. ಚನ್ನಬಸವ್ವನ ಮಂಡಿ ಅಷ್ಟು ದೂರದ ವಿಮಾನ ತಡೆಯುವಂತಿರಲಿಲ್ಲ. ಹಾಗಾಗಿ ನವೆಂಬರಿನ ಒಂದು ಮುಂಜಾನೆ ಮತ್ತೆ ಅದೇ ಟೀವಿಯ ಮುಂದೆ ಕುಳಿತಳು, ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು. ಶಿವಾನಿಯೂ ಬಂದಿದ್ದಳು. ನವೀನ ಎಮರಿವಿಲ್‌ನ ಆಫೀಸಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ.

ತಲೆ ಒಂದು ಸಣ್ಣ ಮರದ ಪೆಟ್ಟಿಗೆಯಲ್ಲಿ ಬಂತು. ನೂರಿಪ್ಪತ್ತು ವರ್ಷದ ಹಿಂದೆ ಸತ್ತವನಿಗಾಗಿ ಹೇಗೆ ಅಳಬೇಕೆಂದು ನೆರೆದವರಿಗೆ ತಿಳಿಯಲಿಲ್ಲ. ಪಾದ್ರಿ ಪ್ರಾರ್ಥನೆ ಮಾಡಿದರು, ಅಧಿಕಾರಿಯೊಬ್ಬರು ಭಾಷಣ ಮಾಡಿದರು, ಜನ ಬಿಸಿಲಿಗೆ ಕೊಡೆ ಹಿಡಿದು ಸುಮ್ಮನೆ ನಿಂತಿದ್ದರು. ಪೆಟ್ಟಿಗೆ ಕುಣಿಗೆ ಇಳಿಯುವಾಗ ಒಡಿಲೊನ ಅಕ್ಕ "ಬಾಬಾ" ಎಂದು, ಅಪ್ಪಾ ಎಂದು, ಒಮ್ಮೆಲೇ ಚೀರಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಡ್ಯಾನ್‌ವಿಲ್‌ನಲ್ಲಿ ಚನ್ನಬಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಬಿಟ್ಟಳು. ಗದಗದಲ್ಲಿ ಅಪ್ಪನ ಮಣ್ಣಿಗೆ ಹೋಗಲಾಗದೆ ಉಳಿದುಹೋಗಿದ್ದ ಅಳುವೆಲ್ಲ ಹೊರಬಂತು. "ಎಪ್ಪಾ, ತಲಿ ಬಂತಲ್ಲೋ, ಇನ್ನ ನೆಟ್ಟಗ ಕುಂದರೋ ನನ್ನಪ್ಪಾ" ಎಂದು ಹಾಡಿ ಹಾಡಿ ಅತ್ತಳು. ಶಿವಾನಿ ಅವಳನ್ನು ತಬ್ಬಿಕೊಂಡು ಕುಳಿತಳು.

ಎಲ್ಲ ಮುಗಿದು ಟೀವಿ ಕಪ್ಪಾದ ಮೇಲೆ ನವೀನ ಚಹಾ ಮಾಡಿ ತಂದ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಪ್ಪು ತಾಯಿಯ ಮುಂದಿಟ್ಟ.

"ಅವ್ವ, ಅಲ್ಲಿ ನಮ್ಮ ಮನೆ ಎಲ್ಲಿತ್ತು?"

ಚನ್ನಬಸವ್ವ ಮೂಗು ಒರೆಸಿಕೊಂಡಳು. ಚಹಾದ ಕಪ್ಪು ಸರಿಸಿ, ಕಲ್ಲಿನ ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದಳು.

"ಇದು ಸಾಲಿ. ಇಲ್ಲಿ ಬಾವಿ. ಇದು ನಮ್ಮ ಮನಿ, ಹಿಂದ ಪರಂಗಿ ಗಿಡ. ಇಲ್ಲಿ ಬೀಬಿ ಮನಿ ಕಟ್ಟಿ. ಒಡಿಲೊನ ಬೆನ್ನಟ್ಟಿ ಹೋಗಿ ಈ ಕಟ್ಟಿ ಮ್ಯಾಲಿಂದನs ನೀ ಬಿದ್ದು ಗದ್ದ ಒಡಕೊಂಡಿದ್ದಿ. ಬೀಬಿ ಬೂದಿ ಒತ್ತಿ, ನಿನ್ನ ಬೆನ್ನಿಗೆ ಕಟಗೊಂಡು ದವಾಖಾನಿ ತನಕ ಓಡಿದ್ಲು."

ನವೀನ ಗದ್ದದ ಕೆಳಗಿನ ಗುರುತನ್ನು ಮುಟ್ಟಿ ನೋಡಿಕೊಂಡ. "ದವಾಖಾನೆ ಯಾವ ಕಡೆ?"

"ತಡಿ, ಹೇಳತೇನಿ" ಎಂದು ಚನ್ನಬಸವ್ವ ಇನ್ನೊಂದು ಗೆರೆ ಎಳೆದಳು.