ಹಿಂದೆ ಯಾರಿದ್ದೀರಿ

ಊರಿನ ಹುಡುಗ ಸಾಬು ಮೂರನೆಯ ಸಲ ದಾರ ಎಳೆದಾಗಲೂ ಮರ ಕೊಯ್ಯುವ ಮೆಷಿನ್ ಕೆಮ್ಮಿ ಸುಮ್ಮನಾಯಿತು.

"ಸಹದೇವೇಟ್ಟನ ಕೈ ಬಿಟ್ಟು ಬೇರೆಯವರ ಕೈಗೆ ಬಗ್ಗಲ್ಲ ಅಂತಿದೆ," ಎಂದು ಹಿತ್ತಿಲಲ್ಲಿ ಯಾರೋ ಅಂದರು. ಯಾರೂ ನಗಲಿಲ್ಲ.

ವಿಲಾಸಿನಿ ಒಳಗೆ ಗಂಡನ ತಲೆಯ ಬಳಿ ಕೂತಿದ್ದಳು. ಬಾಳೆಯೆಲೆಯ ಮೇಲೆ ಸಹದೇವನ್ ಮಲಗಿದ್ದ. ಪಕ್ಕದಲ್ಲಿ ದೀಪ, ಒಡೆದ ತೆಂಗಿನಕಾಯಿಯ ಎರಡು ಹೋಳು. ಬಂದವರೆಲ್ಲ ಮೊದಲು ಅವನ ಕೈಕಾಲು ನೋಡುತ್ತಿದ್ದರು, ಆಮೇಲೆ ದನಿ ತಗ್ಗಿಸಿ ಕೇಳುತ್ತಿದ್ದರು: "ಮೆಷಿನ್ ತಾಗಿತಾ?"

"ಇಲ್ಲ. ತಿಂಡಿಗೆ ಪುಟ್ಟು ತಿಂತಿದ್ರು. ಎದೆ ಹಿಡ್ಕೊಂಡ್ರು," ಎಂದು ಅವಳು ಬೆಳಗಿನಿಂದ ಹೇಳುತ್ತಲೇ ಇದ್ದಳು. ಹೇಳಿ ಹೇಳಿ ಅದು ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸುತ್ತಿತ್ತು.

"ಅತ್ತುಬಿಡೇ. ಒಳಗೇ ಇಟ್ಕೊಂಡ್ರೆ ಕಲ್ಲಾಗುತ್ತೆ," ಎಂದು ಪಕ್ಕದ ಮನೆಯ ಏಲಿಯಮ್ಮ ಬೆನ್ನು ಸವರಿದಳು.

"ಬರ್ತಿಲ್ಲ ಚೇಚಿ."

ಸುಳ್ಳಲ್ಲ. ಅವಳ ತಲೆಯಲ್ಲಿ ಇದ್ದದ್ದು ನಾಳೆಗೆಂದು ನೆನೆಹಾಕಿದ್ದ ಕಡಲೆ. ಅದನ್ನು ಯಾರು ತಿನ್ನುತ್ತಾರೆ ಎಂಬ ಯೋಚನೆ ಬಂದು ಅಲ್ಲೇ ನಿಂತುಬಿಟ್ಟಿತ್ತು.

ಕಿಟಕಿಯಾಚೆ ತೆಂಕಣ ಹಿತ್ತಿಲು. ಹೋದ ವಾರದ ಗಾಳಿಗೆ ಅಲ್ಲಿನ ಮಾವಿನ ಮರ ಬುಡಸಮೇತ ಮಗುಚಿ, ಅಡುಗೆಮನೆಯ ಗೋಡೆಗೆ ಸ್ವಲ್ಪದರಲ್ಲಿ ತಪ್ಪಿ ಬಿದ್ದಿತ್ತು. ಬೇರಿನ ಗೋಡೆ ಆಳೆತ್ತರ ಎದ್ದು ನಿಂತು, ಅದರ ಕೆಳಗೆ ದೊಡ್ಡ ಗುಂಡಿ. ಬುಡಕ್ಕೂ ಅಡುಗೆಮನೆಯ ಕಂಬಕ್ಕೂ ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗ ಸಡಿಲಾಗಿ ನೆಲ ಮುಟ್ಟುತ್ತಿತ್ತು. ಅವಳು ಬೇರೆ ದಾರಿಯಿಲ್ಲದೆ ಅದರ ಮೇಲೆಯೇ ಬಟ್ಟೆ ಹಾಕುತ್ತಿದ್ದಳು. ಸಹದೇವನ್ ಮಾತ್ರ ವಾರವಿಡೀ ಊರವರ ರಬ್ಬರ್ ತೋಟ, ಊರವರ ಮಾಡು, ಊರವರ ರಸ್ತೆ ಎಂದು ಮೆಷಿನ್ ಹೊತ್ತು ತಿರುಗಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಇವಳು ಗೊಣಗಿದರೆ, "ನಮ್ಮ ಮರ ಎಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಿದ್ದ.

ಓಡಿಹೋಗಿರಲಿಲ್ಲ. ಚಿತೆಗೆ ಸ್ವಂತ ಹಿತ್ತಿಲಿನ ಮಾವೇ ಆಗಬೇಕು, ಅದು ಬಿದ್ದುಕೊಂಡು ಕಾಯುತ್ತಿತ್ತು.

ಸತ್ತ ಮನೆಯಲ್ಲಿ ಯಜಮಾನರಿಗೇನು ಬರ? ಅವರೊಳಗೆ ದೊಡ್ಡವನು ಸಹದೇವನ್‌ನ ಅಣ್ಣ ಪ್ರಭಾಕರನ್. "ಚಿತೆಗೆ ಬೇರೆ ಗುಂಡಿ ತೋಡೋದ್ಯಾಕೆ? ದೇವರೇ ತೋಡಿಟ್ಟಿದ್ದಾನಲ್ಲ!" ಎಂದು ಬೇರಿನ ಕೆಳಗಿನ ಗುಂಡಿ ತೋರಿಸಿದ. "ಹೊತ್ತು ಮುಳುಗೋದ್ರೊಳಗೆ ಮುಗೀಬೇಕು. ಅಜೇಶಾ, ಇಳಿದು ತಳ ಸಮ ಮಾಡು."

ಎಲ್ಲರಿಗೂ ಅದು ಸರಿ ಎನಿಸಿತು. ಮಕ್ಕಳಿಲ್ಲದ ಚಿಕ್ಕಪ್ಪನಿಗೆ ಕೊಳ್ಳಿ ಇಡಬೇಕಾಗಿದ್ದ ಪ್ರಭಾಕರನ್‌ನ ಮಗ ಅಜೇಶ್ ಮುಂಡು ಎತ್ತಿ ಕಟ್ಟಿ ಗುದ್ದಲಿ ಹಿಡಿದು ಇಳಿದ.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಸಹದೇವನ್ ಮೈಯೆಲ್ಲ ಕೆಂಪು ಮಣ್ಣಾಗಿ ಬಂದು ಊಟಕ್ಕೆ ಏಳಲಿಲ್ಲ. ಬೇರೆ ಯಾರೋ ಮರ ಕೊಯ್ಯುತ್ತಿದ್ದ ತೋಟಕ್ಕೆ ಮಣ್ಣು ಅಗೆಯಲು ಓಡಿದ್ದನಂತೆ. ಕೊಯ್ಯುವ ಹೊತ್ತಿಗೆ ಬಿದ್ದ ಮರದ ಗುಂಡಿಯಲ್ಲಿ ಒಬ್ಬ ಬೀಡಿ ಸೇದುತ್ತ ಕೂತಿದ್ದನಂತೆ.

"ಮರದ ಭಾರ ಹೋದ ಕೂಡಲೇ ಬೇರು ವಾಪಸ್ ಕೂತುಬಿಡ್ತು. ಗುಂಡಿ ಇತ್ತು, ಆಮೇಲೆ ಇರಲಿಲ್ಲ," ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಅಂದಿನಿಂದ ದಾರ ಎಳೆಯುವ ಮೊದಲು "ಹಿಂದೆ ಯಾರಿದ್ದೀರಿ?" ಎಂದು ಕೂಗಿ, ಉತ್ತರಕ್ಕೆ ಕಾಯುವ ಅಭ್ಯಾಸ. ಮನೆಯಂಗಳದಲ್ಲಿ ಸೌದೆ ಸೀಳುವಾಗಲೂ ಅದೇ. ಊರವರು ಅಣಕಿಸುತ್ತಿದ್ದರು. ವಿಲಾಸಿನಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, "ನಾನಿದ್ದೀನಿ!"

"ನೀನು ಯಾವಾಗಲೂ ಇರ್ತೀಯ ಮಾರಾಯ್ತಿ. ಬೇರೆ ಯಾರು ಅಂತ ಹೇಳು."

*

ನಾಲ್ಕನೆಯ ಎಳೆತಕ್ಕೆ ಮೆಷಿನ್ ಹಿಡಿಯಿತು.

ಆ ಸದ್ದಿಗೆ ವಿಲಾಸಿನಿ ತಲೆಯೆತ್ತಿದಳು. ಸಾಬು ಮೆಷಿನ್ ಹಿಡಿದು ಬುಡದ ಹತ್ತಿರ ಬಾಗುತ್ತಿದ್ದ. ಬೇರಿನ ಗೋಡೆಯ ಕೆಳಗೆ ಅಜೇಶನ ತಲೆ ಮೇಲೆ ಕೆಳಗೆ ಆಡುತ್ತಿತ್ತು. ಬೆಳಗಿನಿಂದ ದುಃಖ ಬಾರದಿದ್ದ ಎದೆಗೆ ಭಯ ಬಂತು.

"ಹೆಣದ ಪಕ್ಕದಿಂದ ಏಳಬಾರದು ಕಣೇ!" ಹೆಂಗಸರು ಸೆರಗು ಹಿಡಿದರು. ಅವಳು ಕಿತ್ತುಕೊಂಡು ಬರಿಗಾಲಲ್ಲಿ ಹಿತ್ತಿಲಿಗೆ ನಡೆದು, ಹಗ್ಗದ ಗಂಟಿನ ಪಕ್ಕದಲ್ಲಿ, ಸಾಬು ಕೊಯ್ಯಬೇಕಿದ್ದ ಜಾಗದ ಮೇಲೆಯೇ ಕೂತುಬಿಟ್ಟಳು.

ಸಾಬು ಗಾಬರಿಯಾಗಿ ಮೆಷಿನ್ ಆರಿಸಿದ. "ಚೇಚಿ! ಏನಿದು?"

"ಅಜೇಶಾ, ಮೇಲೆ ಬಾ."

"ಪಾಪ, ತಲೆ ಕೆಟ್ಟಿದೆ. ಒಳಗೆ ಕರ್ಕೊಂಡು ಹೋಗಿ," ಎಂದ ಪ್ರಭಾಕರನ್.

"ಕೆಟ್ಟಿಲ್ಲ ಚೇಟ್ಟ. ಮರದ ಭಾರಕ್ಕೆ ಈ ಬೇರು ಎದ್ದು ನಿಂತಿದೆ. ಮರ ಕಡಿದ್ರೆ ಇದು ಕೂರುತ್ತೆ. ಆಗ ನಿಮ್ಮ ಮಗ ಎಲ್ಲಿರ್ತಾನೆ?"

"ಕೂರದೇ ಇದ್ರೆ?"

"ಆಗ ನನ್ನನ್ನ ಹುಚ್ಚಿ ಅನ್ನಿ. ಮೊದಲು ಅವನು ಮೇಲೆ ಬರಲಿ."

ಸಾಬು ಬೇರನ್ನೊಮ್ಮೆ, ಗುಂಡಿಯನ್ನೊಮ್ಮೆ ನೋಡಿದ. "ಅಜೇಶಾ, ಹತ್ತೋ ಬೇಗ. ಅವಸರದಲ್ಲಿ ನಾನೂ ನೋಡಲಿಲ್ಲ."

ಅಜೇಶ್ ಗುದ್ದಲಿ ಅಲ್ಲೇ ಬಿಟ್ಟು ಮಣ್ಣು ಕೊಡವುತ್ತ ಹತ್ತಿ ಬಂದ. ವಿಲಾಸಿನಿ ಆಮೇಲೆಯೇ ಎದ್ದದ್ದು.

"ಕೊಂಬೆ ಮೊದಲು. ಬುಡ ಕಡೆಗೆ. ಮೇಲಿಂದ ಸ್ವಲ್ಪ ಕೊಯ್ದು ಆಮೇಲೆ ಕೆಳಗಿಂದ ಬಾ, ಇಲ್ಲಾಂದ್ರೆ ಮೆಷಿನ್ ಸಿಕ್ಕಿಹಾಕ್ಕೊಳ್ಳುತ್ತೆ," ಎಂದಳು. "ಮತ್ತೆ, ಅವರ ಹಾಗೆ ಕೂಗಿಯೇ ಶುರುಮಾಡು."

ಕೊಂಬೆಗಳು ಒಂದೊಂದಾಗಿ ಬೇರೆಯಾದವು. ಹೆಂಗಸರು ಒಳಗೆ ಕರೆದರೂ ಅವಳು ಅಡುಗೆಮನೆಯ ಕಂಬ ಹಿಡಿದು ನಿಂತೇ ಇದ್ದಳು. ಸಾಬು ಬುಡಕ್ಕೆ ಬಂದು ನಿಂತ. ನಾಚಿಕೆಯಿಂದ ಗಂಟಲು ಸರಿಮಾಡಿಕೊಂಡು ಕೂಗಿದ:

"ಹಿಂದೆ ಯಾರಿದ್ದೀರಿ?"

ಅವನು ದಾರ ಹಿಡಿದು ಅವಳ ಕಡೆಗೇ ನೋಡುತ್ತ ಕಾದ. ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು.

"ಯಾರೂ ಇಲ್ಲ. ಕೊಯ್ಯಿ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅವಳು ಕಂಬವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಕೊಯ್ತ ಮುಗಿಯುತ್ತಿದ್ದಂತೆ ಬುಡ ನಡುಗಿತು. ಬೇರಿನ ಗೋಡೆ ಒಮ್ಮೆ ತೂಗಾಡಿ, ದೊಪ್ಪೆಂದು ಹಿಂದಕ್ಕೆ ಕೂತಿತು. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳು ಅಲುಗಿದವು. ಗುಂಡಿ ಇದ್ದಲ್ಲಿ ನೆಲವಿತ್ತು. ಅಜೇಶನ ಗುದ್ದಲಿ ಎಲ್ಲೂ ಕಾಣಲಿಲ್ಲ. ಪ್ರಭಾಕರನ್ ಮಗನ ತೋಳು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ.

ಆಳೆತ್ತರದ ಮಾವಿನ ಬುಡ ಮೊದಲಿನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ವಿಲಾಸಿನಿ ಹಿಡಿದಿದ್ದ ಕಂಬಕ್ಕೆ ಒಂದು ಜಗ್ಗು ಬಿತ್ತು. ವಾರದಿಂದ ನೆಲಕ್ಕೆ ಜೋತಿದ್ದ ಹಗ್ಗ ಬಿಗಿದು ಮೇಲೆದ್ದಿತ್ತು. ಅದರ ಜೊತೆಗೆ, ನಿನ್ನೆ ಸಂಜೆ ಅವಳು ಒಗೆದು ಹಾಕಿದ್ದ ಸಹದೇವನ್‌ನ ಅಂಗಿ ಕೆಸರಿನಿಂದ ಎದ್ದು, ಎರಡೂ ತೋಳು ಇಳಿಬಿಟ್ಟುಕೊಂಡು, ಅವನ ಎತ್ತರಕ್ಕೆ ಬಂದು ನಿಂತು ಮೆಲ್ಲಗೆ ಅತ್ತಿತ್ತ ಆಡತೊಡಗಿತು.